ಯಾಕ ಕೊಡಲಿಲ್ಲಂತ ಹೇಳ್ರಿ

ನಮ್ಮ ಅಕ್ಕನನ್ನು ಇಂಟರ್‌ವ್ಯೂ ಮಾಡಿದವರು ಯಾರೂ ಆಕೆಯನ್ನು ಮರೆತಿಲ್ಲ. ಕೆಲವರು ಹಬ್ಬಕ್ಕೆ ಫೋನು ಮಾಡುತ್ತಾರೆ. ಒಬ್ಬರು ಮಗಳ ಮದುವೆಯ ಕಾರ್ಡು ಕಳಿಸಿದ್ದರು. ಇನ್ನೊಬ್ಬರು ತಮ್ಮ ಹೊಲದ ಹಸಿಕಡಲೆಯನ್ನು ಗಿಡದ ಸಮೇತ ಬಸ್ಸಿನಲ್ಲಿ ಹಾಕಿ ಕಳಿಸಿದ್ದರು. ಎಲ್ಲ ಕೊಟ್ಟಿದ್ದಾರೆ, ನೌಕರಿಯೊಂದನ್ನು ಬಿಟ್ಟು!

ಅಕ್ಕ ಎಂದರೆ ನಮ್ಮ ದೊಡ್ಡಪ್ಪನ ಮಗಳು. ನನಗಿಂತ ಐದು ವರ್ಷ ದೊಡ್ಡವಳು. ಹೆಸರು ಹೇಳುವುದಿಲ್ಲ. ಹೇಳಿದೆನೋ, ಇದು ಅಚ್ಚಾದ ಮರುದಿನವೇ ಪತ್ರಿಕೆಯ ಆಫೀಸಿಗೆ ಹೋಗಿ, "ಇದನ್ನ ಯಾಕ ಹಾಕಿದ್ರಿ? ಬ್ಯಾರೆ ಯಾರ್ಯಾರದು ಬಂದಿದ್ದುವು? ಅವನ್ಯಾಕ ಹಾಕಲಿಲ್ಲ?" ಎಂದು ಸಂಪಾದಕರ ಎದುರು ಕುರ್ಚಿ ಎಳೆದುಕೊಂಡು ಕೂಡುವ ಪೈಕಿ ಅವಳು. ಸಂಪಾದಕರು ಚಹಾ ತರಿಸಬೇಕಾಗುತ್ತದೆ. ಅವರ ತೊಂದರೆ ನನಗೇಕೆ?

ನಮ್ಮದು ಮಿಶ್ರಿಕೋಟಿ. ದೊಡ್ಡಪ್ಪನದು ಹಿಟ್ಟಿನ ಗಿರಣಿ, ನಮ್ಮಪ್ಪನದು ಹೊಲ, ಎರಡಕ್ಕೂ ಸೇರಿ ಒಂದೇ ಮನೆ, ಒಂದೇ ಒಲೆ. ಆ ಮನೆಯಿಂದ ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿ ಬಂದ ಮೊದಲನೆಯವಳು ಅಕ್ಕ. ವಿಷಯ ಭೂಗೋಳ. ಫಸ್ಟ್ ಕ್ಲಾಸು. ಊರಿಗೆ ಮರಳಿದ ವಾರದಲ್ಲೇ, ಜೋಳ ಬೀಸಿಸಲು ಬಂದ ಮುದುಕಿಯೊಬ್ಬಳು ಕೇಳಿದಳು:

"ಭೂಗೋಳ ಅಂದ್ರ ಏನ ಕಲತಿ ಬೇ?"

"ಭೂಮಿ ಹೆಂಗೈತಿ, ಏನೈತಿ ಅಂತ ಆಯಿ."

"ಗುಂಡಗೈತಿ ಅಂತಾರಲ್ಲ, ಅದನ್ನ ಕಲಿಯಾಕ ಐದು ವರ್ಷ ಬೇಕಾತು? ನಮ್ಮ ಹೊಲ ನೋಡ ಬಾ, ಅಗದಿ ಸಪಾಟ ಐತಿ!"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಅಕ್ಕ ಚಪ್ಪಲಿ ಮೆಟ್ಟಿ ಆ ಮುದುಕಿಯ ಹಿಂದೆಯೇ ಹೊಲ ನೋಡಲು ಹೋದಳು! ಸಂಜೆ ಬಂದು, "ಸಪಾಟ ಇಲ್ಲ. ಮೂಡಲಕ್ಕ ಇಳಿಜಾರೈತಿ. ಅದಕ್ಕ ಆ ಮೂಲ್ಯಾಗ ನೀರ ನಿಂತು ಪೀಕು ಕೊಳೀತೈತಿ," ಎಂದು ವರದಿ ಒಪ್ಪಿಸಿದಳು. ಮುದುಕಿಯ ಮಗ ಬದುವನ್ನು ಒಂದಿಷ್ಟು ಒಡೆದು ನೀರಿಗೆ ದಾರಿ ಮಾಡಿದ. ಮರು ವರ್ಷ ಆ ಮೂಲೆಯಲ್ಲೂ ಬೆಳೆ ಬಂತು. ಆದರೂ ಆ ಮುದುಕಿ ಗಿರಣಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಮಾತ್ರ ಒಂದೇ: "ಹುಡುಗಿಗೆ ನೌಕರಿ ಹತ್ತಿತೇನೋ?"

ನಮ್ಮ ಕಡೆ ನೌಕರಿ ಸಿಗುವುದಿಲ್ಲ, ಹತ್ತುತ್ತದೆ. ಬೆಂಕಿ ಹತ್ತಿದ ಹಾಗೆ, ಬಣ್ಣ ಹತ್ತಿದ ಹಾಗೆ, ಹುಚ್ಚು ಹತ್ತಿದ ಹಾಗೆ. ನಮ್ಮ ಅಕ್ಕನಿಗೆ ಹತ್ತಲೇ ಇಲ್ಲ. ಗಿರಣಿಗೆ ಬಂದವರು ಹಿಟ್ಟಾಗುವ ತನಕ ಹೊತ್ತು ಹೋಗಬೇಕಲ್ಲ, ಒಬ್ಬೊಬ್ಬರೂ ಇದನ್ನೇ ಕೇಳುವವರು. ಕೇಳಿದ ಕೂಡಲೇ ದೊಡ್ಡಪ್ಪ ಗುಂಡಿ ಒತ್ತಿ ಗಿರಣಿ ಚಾಲೂ ಮಾಡಿ, ಆ ಗದ್ದಲದಲ್ಲಿ ಕಿವಿ ಕೇಳದವರ ಹಾಗೆ ಕೈ ಆಡಿಸುತ್ತಿದ್ದರು. ಕಾಳು ಹಾಕದೆ ಖಾಲಿ ಗಿರಣಿ ಆ ವರ್ಷ ಎಷ್ಟು ಸಲ ತಿರುಗಿತೋ, ಕಲ್ಲಿಗೇ ಗೊತ್ತು!

ಇಂಟರ್‌ವ್ಯೂಗಳಿಗೆ ಅಕ್ಕನ ಜೊತೆ ನನ್ನನ್ನು ಕಳಿಸುತ್ತಿದ್ದರು. ಹುಡುಗಿ ಒಬ್ಬಳೇ ಹೋಗಬಾರದು ಎಂಬುದು ತೋರಿಕೆಯ ಕಾರಣ. ನಿಜವಾದ ಕಾರಣ ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದ್ದಳು: "ಆಕಿ ಭಾಳ ಮಾತಾಡಾಕ ಹತ್ತಿದರ ಹಿಂದಿಂದ ಓಡ್ನಿ ಎಳಿ." ನೋಡಿ, ಯಾರಿಗೆ ಎಂಥ ಕೆಲಸ! ನಾನೋ, ಕಂಡಕ್ಟರಿನ ಹತ್ತಿರ ಟಿಕೆಟ್ ಕೇಳಲೂ ಪಕ್ಕದವರನ್ನು ಮುಂದೆ ಮಾಡುವವಳು. ಹೊಸಬರು ಹೆಸರು ಕೇಳಿದರೆ ನನಗೆ ನನ್ನ ಹೆಸರಿನ ಮೊದಲ ಅಕ್ಷರ ಮಾತ್ರ ನೆನಪಾಗುತ್ತಿತ್ತು.

ಮೊದಲನೆಯ ಇಂಟರ್‌ವ್ಯೂ ದುಮ್ಮವಾಡದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ. ಒಳಗೆ ಮೂವರು ಕುಳಿತಿದ್ದರು: ಒಬ್ಬ ಅಧ್ಯಕ್ಷರು, ಒಬ್ಬ ಹೆಡ್‌ಮಾಸ್ತರರು, ಟೀಚರಾಗಿದ್ದ ಒಬ್ಬ ಹಿರಿಯ ಬಾಯಾರು. ನಾನು ಕಿಟಕಿಯ ಹೊರಗೆ. ಅಕ್ಕ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಹೇಳಿದಳು. ಕೊನೆಗೆ ಅಧ್ಯಕ್ಷರು ಎಲ್ಲರೂ ಕೇಳುವ ಹಾಗೆ ಕೇಳಿದರು: "ನಿಮಗೇನರ ಕೇಳೂದೈತೇನ್ರಿ?"

ಇದಕ್ಕೆ ಲೋಕದಲ್ಲಿ ಎಲ್ಲರೂ ಕೊಡುವ ಉತ್ತರ ಒಂದೇ: "ಏನಿಲ್ಲ್ರಿ ಸರ್, ನಮಸ್ಕಾರ." ಅಕ್ಕ ಮಾತ್ರ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಐತ್ರಿ. ಮೊದಲಿದ್ದ ಟೀಚರ್ ಯಾಕ ಬಿಟ್ರು?"

"ಮದುವಿ ಆತ್ರಿ," ಎಂದರು ಅಧ್ಯಕ್ಷರು. ಅದೇ ಗಳಿಗೆಗೆ ಹೆಡ್‌ಮಾಸ್ತರರು, "ಮನಿ ದೂರಾತ್ರಿ," ಎಂದರು. ಅದೇ ಗಳಿಗೆಗೆ ಬಾಯಾರು, "ಆರಾಮಿರಲಿಲ್ಲರಿ," ಎಂದುಬಿಟ್ಟರು!

ಅಕ್ಕ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ಬಹಳ ಆಸಕ್ತಿಯಿಂದ ಕೇಳಿದಳು: "ಮೂರು ಮಂದಿ ಬಿಟ್ಟಾರೇನ್ರಿ, ಇಲ್ಲಾ ಒಬ್ಬರೇ ಮೂರು ಸಲ ಬಿಟ್ಟಾರೇನ್ರಿ?"

ಕಿಟಕಿಯ ಆಚೆಯಿಂದ ನಾನು ಯಾವ ಓಡ್ನಿಯನ್ನು ಎಳೆಯಲಿ?

"ತಿಳಸ್ತೀವ್ರಿ," ಎಂದರು ಅಧ್ಯಕ್ಷರು.

'ತಿಳಸ್ತೀವಿ' ಎಂಬ ಮಾತಿಗೆ ಕನ್ನಡದಲ್ಲಿ ಏನರ್ಥ ಎಂಬುದು ನೌಕರಿ ಹುಡುಕಿದ ಎಲ್ಲರಿಗೂ ಗೊತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ತಿಳಿಸುತ್ತಾರೆ ಎಂದೇ ಹದಿನೈದು ದಿನ ಕಾದಳು. ಹದಿನಾರನೆಯ ದಿನ ನನ್ನನ್ನೂ ಎಳೆದುಕೊಂಡು ಮತ್ತೆ ಅಲ್ಲಿಗೇ ಹೋದಳು. ಆಫೀಸಿನ ಕಾರಕೂನರು ತಲೆಯೆತ್ತದೆ, "ಆ ಜಾಗಾ ತುಂಬೇತ್ರಿ," ಎಂದರು.

"ತುಂಬಲಿ ಬಿಡ್ರಿ. ನೌಕರಿ ಕೊಡ್ರಿ ಅಂತ ಬಂದಿಲ್ಲ. ಯಾಕ ಕೊಡಲಿಲ್ಲಂತ ಹೇಳ್ರಿ, ಸಾಕು."

ಕಾರಕೂನರು ಆಗ ತಲೆಯೆತ್ತಿದರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವಂತೆ. ಪಾಪ, ಅವರಿಗೂ ಕುತೂಹಲ ಹುಟ್ಟಿತು. ಕಪಾಟು ತೆರೆದು ಫೈಲು ತೆಗೆದರು. ಇಬ್ಬರೂ ತಲೆಗೆ ತಲೆ ಹಚ್ಚಿ ಓದಿದರು. ಕಾರಣ ಸಿಕ್ಕಿತು: ಆಯ್ಕೆಯಾದ ಹುಡುಗಿಗೆ ಡ್ಯಾನ್ಸ್ ಬರುತ್ತಿತ್ತು. ವರ್ಷಕ್ಕೊಮ್ಮೆಯ ಗ್ಯಾದರಿಂಗಿಗೆ ಮಕ್ಕಳನ್ನು ಕುಣಿಸಲು ಬೇರೆ ಟೀಚರನ್ನು ಹುಡುಕುವುದು ತಪ್ಪಿತು!

ಅಕ್ಕನಿಗೆ ಆದ ಸಂತೋಷ ನೋಡಬೇಕಿತ್ತು. ನೌಕರಿ ಹೋದರೂ ಕಾರಣವಾದರೂ ಸಿಕ್ಕಿತಲ್ಲ! "ಭೂಗೋಳಕ್ಕ ಡ್ಯಾನ್ಸ್ ಬೇಕಂತ ಮೊದಲ ಹೇಳಬೇಕಿಲ್ಲೇನ್ರಿ?" ಎಂದು ನಕ್ಕು, ಸೀದಾ ಆ ಹೊಸ ಟೀಚರನ್ನು ನೋಡಲು ಏಳನೆಯ ಇಯತ್ತೆಯ ಕ್ಲಾಸಿನ ಬಾಗಿಲಿಗೆ ಹೋದಳು. ಇವಳು ಯಾರೆಂದು ತಿಳಿದ ಕೂಡಲೇ ಆ ಹುಡುಗಿ ಬಿಳಿಚಿಕೊಂಡಳು.

"ಅಕ್ಕಾರ, ನನಗೇನೂ ಗೊತ್ತಿಲ್ಲರಿ. ಅವರು ಕರದ್ರು, ನಾ ಬಂದೆ..."

"ಅಂಜಬ್ಯಾಡವಾ. ಜಗಳ ಮಾಡಾಕ ಬಂದಿಲ್ಲ. ನಿನ್ನ ನೋಡಾಕ ಬಂದೀನಿ. ಅದೇನ ಡ್ಯಾನ್ಸ್, ಒಂದೀಟ ತೋರಸು."

ಅರ್ಧ ಗಂಟೆಯಲ್ಲಿ ಅಕ್ಕ ಅಕ್ಷಾಂಶ ರೇಖಾಂಶಗಳನ್ನು ಬೋರ್ಡಿನ ಮೇಲೆ ಬರೆದು ಅವಳಿಗೆ ವಿವರಿಸುತ್ತಿದ್ದಳು. ಆ ಹುಡುಗಿ ಅಕ್ಕನಿಗೆ ಕೋಲಾಟದ ಎರಡು ಹೆಜ್ಜೆ ಕಲಿಸಿದಳು. ಇಂದಿಗೂ ಆಕೆ ಭಾನುವಾರ ಫೋನು ಮಾಡಿ ಮುಂದಿನ ವಾರದ ಪಾಠ ಹೇಳಿಸಿಕೊಳ್ಳುತ್ತಾಳೆ. ಅಕ್ಕ ಆ ಎರಡು ಹೆಜ್ಜೆಗಳನ್ನು ಗಿರಣಿಯ ಹಿಂದೆ ಒಂದು ತಿಂಗಳು ಅಭ್ಯಾಸ ಮಾಡಿದಳು. ಯಾಕೆಂದು ಕೇಳಿದರೆ, "ಇರಲಿ ಬೇ, ಮುಂದಿನವರು ಕೇಳಿದ್ರ?" ಎಂದಳು. ಮುಂದಿನ ಇಂಟರ್‌ವ್ಯೂ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿತ್ತು!

ಅಂದಿನಿಂದ ಇದೇ ಅವಳ ನೇಮವಾಯಿತು. ಇಂಟರ್‌ವ್ಯೂ ಕೊಡುವುದು, ಹದಿನೈದು ದಿನ ಕಾಯುವುದು, ಯಾಕೆ ಕೊಡಲಿಲ್ಲ ಎಂದು ಕೇಳಲು ಹೋಗುವುದು, ಕೆಲಸ ಸಿಕ್ಕವರನ್ನು ನೋಡಿ ಮಾತಾಡಿಸಿ ಬರುವುದು. ಸರಕಾರಿ ಪರೀಕ್ಷೆಗಳನ್ನೂ ಬರೆದಳು. ಆದರೆ ಅಲ್ಲಿ ಯಾಕೆಂದು ಕೇಳಲು ಯಾವ ಬಾಗಿಲಿಗೆ ಹೋಗಬೇಕು ಎಂಬುದೇ ತಿಳಿಯದೆ ಅಕ್ಕ ಅದೊಂದರಲ್ಲಿ ಸೋತಳು.

ಇದನ್ನೆಲ್ಲ ನೋಡಿ ದೊಡ್ಡವ್ವನ ಧೈರ್ಯ ಕರಗಿತು. ನವಲಗುಂದದ ಒಂದು ಸಹಕಾರಿ ಸಂಘದಿಂದ ಕರೆ ಬಂದಾಗ ಅವಳೂ ನಮ್ಮ ಜೊತೆ ಹೊರಟಳು. ಮೊದಲು ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿ ಹರಕೆ ಹೊರುವುದು, ಆಮೇಲೆ ಇಂಟರ್‌ವ್ಯೂ ಎಂದು ಅವಳ ಏರ್ಪಾಡು. ದೊಡ್ಡವ್ವ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರೆ, ಅಕ್ಕ ಸಕ್ಕರೆ ಓದಿದ ಮುದುಕರ ಬಾಜುವಿಗೇ ಕುಳಿತುಬಿಟ್ಟಳು.

"ಅಜ್ಜಾರ, ನೌಕರಿ ಬೇಡಾಕ ಇಲ್ಲಿಗೆ ಭಾಳ ಮಂದಿ ಬರ್ತಾರೇನ್ರಿ?"

"ಬರ್ತಾರವ್ವ. ಎಲ್ಲಾ ಜಾತಿಯವರೂ ಬರ್ತಾರ."

"ಅವರಾಗ ಎಷ್ಟು ಮಂದಿಗೆ ಹತ್ತೈತ್ರಿ?"

ಮುದುಕರು ಗಡ್ಡ ಸವರಿಕೊಂಡು ನಕ್ಕರು. "ಹತ್ತಿದವರು ಬಂದು ಹೇಳೂದಿಲ್ಲವ್ವ ಮಗಳ. ಹತ್ತದವರು ಮತ್ತ ಬರ್ತಾರ. ಅದಕ್ಕ ನನಗ ಹತ್ತದವರ ಗುರ್ತಷ್ಟ ಐತಿ."

"ನನಗೂ ಹಂಗ ಆಗೇತ್ರಿ," ಎಂದು ಅಕ್ಕ ಪೂರ್ತಿ ಒಪ್ಪಿಕೊಂಡಳು. ಇಬ್ಬರೂ ಹಳೆಯ ಸ್ನೇಹಿತರ ಹಾಗೆ ಸಕ್ಕರೆ ತಿನ್ನುತ್ತ ಕುಳಿತರು.

ನವಲಗುಂದದಲ್ಲಿ ಒಂದು ಜಾಗಕ್ಕೆ ನಲವತ್ತು ಮಂದಿ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದರು. ತನ್ನ ಸರದಿ ಬರುವ ಹೊತ್ತಿಗೆ ಅಕ್ಕ ಅಷ್ಟೂ ಜನರ ಊರು, ಓದು, ಮನೆಯ ಕಷ್ಟಸುಖ ವಿಚಾರಿಸಿ ಮುಗಿಸಿದ್ದಳು. ನೀಲಿ ಅಂಗಿಯ ಹುಡುಗನೊಬ್ಬ ಮಾತ್ರ ಕೈಬೀಸಿಕೊಂಡು ಬಂದಿದ್ದ.

"ನಿನ್ನ ಫೈಲ್ ಎಲ್ಲೈತೋ ತಮ್ಮಾ?"

"ಮಾಮಾನ ಕಡೆ ಐತ್ರಿ."

"ಮಾಮಾ ಎಲ್ಲದಾನ?"

"ಒಳಗರಿ. ನಡುವಿನ ಕುರ್ಚ್ಯಾಗ."

ಸಾಲಿಗೆ ಸಾಲೇ ಕರಗತೊಡಗಿತು. ಒಬ್ಬೊಬ್ಬರಾಗಿ ಫೈಲು ಮಡಚಿಕೊಂಡು ಗಿರಮಿಟ್ ತಿನ್ನಲು ಹೋದರು. ದೊಡ್ಡವ್ವ, "ನಡಿ ಬೇ, ನಾವೂ ಹೋಗೂಣು," ಎಂದಳು. "ಇಷ್ಟು ದೂರ ಬಂದೀವಿ. ಮಾಮಾನ್ನರ ನೋಡಿ ಹೋಗೂಣು," ಎಂದು ಅಕ್ಕ ಒಳಗೆ ನಡೆದೇಬಿಟ್ಟಳು!

ಹದಿನೈದು ದಿನದ ನಂತರ ನೇಮದಂತೆ ಹೋದಾಗ ನೀಲಿ ಅಂಗಿಯವನು ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕುಳಿತವನಂತೆ ಕುಳಿತಿದ್ದ. "ಅಕ್ಕಾರ, ನಾ ಟ್ರ್ಯಾಕ್ಟರ್ ರಿಪೇರಿ ಮಾಡಾಂವ್ರಿ. ಇಲ್ಲಿ ಕುಂತು ಕುಂತು ಕಾಲ ಜೋಮ ಹಿಡೀತಾವು," ಎಂದು ಅಳುಮುಖ ಮಾಡಿದ. ಅಕ್ಕ ಒಳಗೆ ಹೋಗಿ ಮಾಮಾನಿಗೆ ಬುದ್ಧಿ ಹೇಳಿದಳು: "ಹುಡುಗನ್ನ ಟ್ರ್ಯಾಕ್ಟರ್ ಕಡೆ ಬಿಡ್ರಿ, ಉದ್ಧಾರ ಆಗತಾನ." ಮಾಮಾ ಕೇಳಿದ ಎಂದರೆ ನಂಬುತ್ತೀರಾ? ಹುಡುಗ ಆರು ತಿಂಗಳಲ್ಲಿ ಗ್ಯಾರೇಜು ಹಾಕಿದ. ಮೊದಲು ಹೇಳಿದೆನಲ್ಲ ಹಸಿಕಡಲೆ, ಅದು ಆ ಮಾಮಾನ ಹೊಲದ್ದೇ. ಜಾಗ ಮತ್ತೆ ಖಾಲಿಯಾಯಿತು. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಆದರೆ ಮಾಮಾನಿಗೆ ಇನ್ನೊಬ್ಬ ತಂಗಿ ಇದ್ದಳು!

ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಟೈ ಕಟ್ಟಿದ ಮ್ಯಾನೇಜರರು, "ಐದು ವರ್ಷ ಆದ ಮೇಲೆ ನೀವು ಎಲ್ಲಿ ಕಾಣ್ತೀರಿ?" ಎಂದು ಕೇಳಿದರು. ಅಕ್ಕ ಒಂದು ಕ್ಷಣ ಯೋಚಿಸಿ, "ನೀವು ಎಲ್ಲಿ ಬಾ ಅಂತೀರಿ ಅಲ್ಲೇ ಬಂದು ಕಾಣ್ತೀನ್ರಿ. ಮಿಶ್ರಿಕೋಟಿಯಿಂದ ಬಸ್ ಅದಾವು," ಎಂದಳು. ಎಕ್ಸ್‌ಪೀರಿಯನ್ಸ್ ಇದೆಯೇ ಎಂದರು. "ಐತ್ರಿ, ಇದು ಹದಿನೇಳನೇ ಇಂಟರ್‌ವ್ಯೂ." ಅಂಥ ಎಕ್ಸ್‌ಪೀರಿಯನ್ಸ್ ನಡೆಯುವುದಿಲ್ಲ ಎಂದಾಗ ಅಕ್ಕನಿಗೆ ನಿಜವಾಗಿಯೂ ಕುತೂಹಲವಾಯಿತು.

"ಸರ್, ನಿಮಗ ಮೊದಲನೇ ನೌಕರಿ ಹತ್ತಿದಾಗ ಎಕ್ಸ್‌ಪೀರಿಯನ್ಸ್ ಎಷ್ಟಿತ್ತ್ರಿ?"

ಆ ಮನುಷ್ಯ ಪೆನ್ನು ಕೆಳಗಿಟ್ಟರು. ಆಮೇಲೆ ಮುಕ್ಕಾಲು ಗಂಟೆ ತಮ್ಮ ಕಥೆ ಹೇಳಿದರು. ಎರಡು ವರ್ಷ ಕೆಲಸ ಸಿಗದೆ, ಮನೆಯಲ್ಲಿ ಹೇಳಲಾರದೆ, ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ರೇಲ್ವೆ ಸ್ಟೇಶನ್ನಿನಲ್ಲಿ ಕುಳಿತು ಸಂಜೆ ಮನೆಗೆ ಬರುತ್ತಿದ್ದರಂತೆ. ಇದನ್ನು ತಮ್ಮ ಹೆಂಡತಿಗೂ ಹೇಳಿರಲಿಲ್ಲವಂತೆ. ಚಹಾ ತರಿಸಿದರು, ಬಿಸ್ಕೀಟು ತರಿಸಿದರು. ಮಗಳ ಮದುವೆಯ ಕಾರ್ಡು ಕಳಿಸಿದ್ದು ಇವರೇ. ಕೆಲಸ ಮಾತ್ರ, ಎಕ್ಸ್‌ಪೀರಿಯನ್ಸ್ ಇದ್ದವರಿಗೆ ಹೋಯಿತು.

ಈ ಕಥೆಗಳನ್ನು ಮನೆಯಲ್ಲಿ ನಾನೇ ಅಭಿನಯಿಸಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವವರು. ಅಕ್ಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆಕೆಗೆ ನೌಕರಿಗಿಂತ ಮನುಷ್ಯರನ್ನು ನೋಡುವ ಹುಚ್ಚೇ ದೊಡ್ಡದು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಅಷ್ಟರಲ್ಲಿ ನನ್ನದೂ ಬಿ.ಕಾಂ. ಮುಗಿಯಿತು, ಕಂಪ್ಯೂಟರ್ ಕೋರ್ಸು ಮುಗಿಯಿತು. ಕಲಘಟಗಿಯ ಒಂದು ಖಾಸಗಿ ಕಾಲೇಜಿನ ಆಫೀಸಿಗೆ ಕಾರಕೂನರು ಬೇಕಾಗಿದ್ದಾರೆ, ಯಾವುದೇ ಪದವಿ ಆದೀತು ಎಂದು ಪೇಪರಿನಲ್ಲಿ ಬಂತು. ಅಕ್ಕ ತನ್ನ ಅರ್ಜಿ ತುಂಬಿದಳು. ಇನ್ನೊಂದು ಹಾಳೆ ತೆಗೆದುಕೊಂಡು ನನ್ನದನ್ನೂ ತುಂಬಿದಳು. "ನಾ ಬ್ಯಾಡಕ್ಕಾ, ನನಗ ಬಾಯಿ ಬರೂದಿಲ್ಲ," ಎಂದೆ. "ಸಹಿ ಮಾಡು," ಎಂದಳು.

ಒಂದೇ ಬಸ್ಸಿನಲ್ಲಿ ಹೋದೆವು. ಅವಳನ್ನು ಮೊದಲು ಕರೆದರು. ನಾನು ಮುಕ್ಕಾಲು ಗಂಟೆಯಾದರೂ ಆದೀತೆಂದು ಕುಳಿತಿದ್ದರೆ, ಹತ್ತೇ ನಿಮಿಷದಲ್ಲಿ ಹೊರಗೆ ಬಂದಳು! "ಏನ ಕೇಳಿದ್ರಕ್ಕಾ?" ಎಂದರೆ, "ಕೇಳೂದ ಕೇಳಿದ್ರು. ನೀ ಹೋಗು," ಎಂದು ನನ್ನ ಬೆನ್ನಿಗೆ ಕೈಹಚ್ಚಿ ದೂಡಿದಳು.

ಪ್ರಿನ್ಸಿಪಾಲರದು ಗಿರಿಜಾ ಮೀಸೆ. ಅದನ್ನು ಕಂಡೇ ನಾನು ನಮಸ್ಕಾರ ಹೇಳುವುದನ್ನೂ ಮರೆತು ಕುರ್ಚಿಯ ತುದಿಗೆ ಕುಳಿತೆ. ಆದರೆ ಅವರು ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿ, "ಮೊದಲು ನೀರು ಕುಡೀರಿ. ಗಡಬಡಿ ಇಲ್ಲ," ಎಂದರು. ಏನೂ ಕೇಳಲಿಲ್ಲ. ಒಂದು ಪತ್ರ ಕೊಟ್ಟು ಕಂಪ್ಯೂಟರಿನ ಎದುರು ಕೂಡಿಸಿದರು. ಬೆರಳುಗಳಿಗೆ ನನ್ನ ಹಾಗೆ ಅಂಜಿಕೆ ಇಲ್ಲವಲ್ಲ, ಅವು ತಮ್ಮಷ್ಟಕ್ಕೆ ಓಡಿದವು. ಆ ಪತ್ರ ಮುಗಿಯುವ ಹೊತ್ತಿಗೆ ನನ್ನ ಹೆಸರು ಪೂರ್ತಿ ನೆನಪಾಗಿತ್ತು. ಎಂಥ ದೇವರಂಥ ಮನುಷ್ಯ ಎಂದುಕೊಂಡು ಬಂದೆ.

ಎಂಟು ದಿನಕ್ಕೆ ಫೋನು ಬಂತು. ಕೆಲಸ ನನಗೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಮೂರನೆಯ ದಿನ ದೊಡ್ಡವ್ವನ ಮುಂದೆ ಅಳುತ್ತ ಹೇಳಿದೆ. ಅಕ್ಕ ಹಿತ್ತಲಿನಿಂದ ಕೇಳಿಸಿಕೊಂಡು ಬಂದವಳು, "ಛಲೋ ಆತು. ಅಳೂದ್ಯಾಕ ಹುಚ್ಚಿ?" ಎಂದು ನೇರ ಅಡುಗೆ ಮನೆಗೆ ಹೋಗಿ ಸಿಹಿ ಸಜ್ಜಕ ಮಾಡಿದಳು. ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ಅಂದು ಗಿರಣಿಗೆ ಬಂದವರು ಕೇಳಿದರೆ ಗುಂಡಿ ಒತ್ತಲಿಲ್ಲ.

ಇನ್ನು ಅಕ್ಕ ಬಂದೇ ಬರುತ್ತಾಳೆ ಎಂದು ನಾನು ಕಾದೆ. ಕಾಲೇಜಿನ ಆಫೀಸಿನ ಬಾಗಿಲು ಕಿರ್ ಎಂದಾಗಲೆಲ್ಲ ಟೈಪು ನಿಲ್ಲಿಸಿ ಆ ಕಡೆ ನೋಡುತ್ತಿದ್ದೆ. ಪರವೂರಿನ ಗುರುತಿಲ್ಲದವರನ್ನೆಲ್ಲ ಹುಡುಕಿಕೊಂಡು ಹೋಗಿ ಯಾಕೆಂದು ಕೇಳಿದವಳು ನನ್ನನ್ನು ಬಿಟ್ಟಾಳೆಯೇ? ಹದಿನೈದು ದಿನವಾಯಿತು, ತಿಂಗಳಾಯಿತು, ಮೂರು ತಿಂಗಳಾಯಿತು. ಬರಲಿಲ್ಲ. ಮನೆಯಲ್ಲೂ ಕೇಳಲಿಲ್ಲ. ಲೋಕದಲ್ಲಿ ಎಲ್ಲದರ ಕಾರಣ ಬೇಕಾದವಳಿಗೆ ಇದೊಂದರ ಕಾರಣ ಬೇಡವಾಯಿತೇ? ಆಕೆಯ ರೋಗ ನನಗೆ ಅಂಟಿಕೊಂಡಿತು. ಯಾಕೆ ಕೇಳಲಿಲ್ಲ, ಯಾಕೆ ಕೇಳಲಿಲ್ಲ ಎಂದು ಊಟ ಮಾಡುವಾಗಲೂ ಅದೇ ಯೋಚನೆ.

ಮೊನ್ನೆ ಶುಕ್ರವಾರ ಪ್ರಿನ್ಸಿಪಾಲರು ಸಹಿ ಮಾಡುತ್ತ ತಾವಾಗಿಯೇ ಅಂದರು: "ಈಗ ಛಲೋ ಮಾತಾಡ್ತೀರಲ್ರಿ. ನಿಮ್ಮಕ್ಕ ಹೇಳಿದ್ದು ಖರೇ ಆತು."

"ಏನ ಹೇಳಿದ್ಲ್ರಿ ಸರ್?"

"ನಿಮಗ ಗೊತ್ತಿಲ್ಲೇನು? ಕಂಪ್ಯೂಟರ್ ಬರತೈತೇನ್ರಿ ಅಂತ ಕೇಳಿದೆ. 'ನನಗ ಅಷ್ಟಕ್ಕಷ್ಟರಿ. ಹೊರಗ ನನ್ನ ತಂಗಿ ಕುಂತಾಳ, ಆಕಿಗೆ ನನಗಿಂತ ಛಲೋ ಬರತೈತಿ. ಆದ್ರ ಭಾಳ ಅಂಜತಾಳ. ನೀವು ಈ ಮೀಸಿಲೆ ಜೋರ ಮಾಡಿ ಕೇಳಿದ್ರ ತನ್ನ ಹೆಸರೂ ಮರೀತಾಳ. ಮೊದಲು ನೀರ ಕೊಡ್ರಿ. ಬಾಯಿಲೆ ಕೇಳಬ್ಯಾಡ್ರಿ, ಕೈಯಾಗ ಕೆಲಸ ಕೊಟ್ಟು ನೋಡ್ರಿ, ಬಾಯಿ ಆಮ್ಯಾಲೆ ತಾನ ಬರತೈತಿ' ಅಂದ್ಲು. ತನ್ನ ಇಂಟರ್‌ವ್ಯೂದಾಗ ಇನ್ನೊಬ್ಬರ ಸಲುವಾಗಿ ಮಾತಾಡಿದವರನ್ನ ನಾ ನೋಡಿರಲಿಲ್ಲ."

ಆ ಸಂಜೆ ಬಸ್ಸಿಳಿದವಳು ಚಪ್ಪಲಿ ಬಿಟ್ಟು ಸೀದಾ ಒಲೆಯ ಹತ್ತಿರ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಪ್ರಿನ್ಸಿಪಾಲರು ಎಲ್ಲಾ ಹೇಳಿದ್ರು," ಎಂದೆ.

"ಹೇಳಲಿ."

"ಯಾಕ ಹಂಗಂದಿ ಅಕ್ಕಾ?"

"ಖರೇ ಇದ್ದದ್ದ ಹೇಳೀನಿ. ಬಾಯಿಲೆ ಕೇಳಿದ್ದಕ್ಕೆಲ್ಲಾ ನಾನೂ ಛಲೋ ಹೇಳಿದ್ದೆ. ನೀ ನನಗಿಂತ ಛಲೋ ಮಾಡಿದಿ. ಅಷ್ಟ."

"ನಿನಗ ಬೇಕಾಗಿತ್ತಲ್ಲಕ್ಕಾ ಆ ನೌಕರಿ?"

ಅಕ್ಕನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯ ಅಂಚು ಹೊತ್ತುತ್ತಿದ್ದರೂ ತಿರುವಲಿಲ್ಲ.

"ಭಾಳ ಬೇಕಾಗಿತ್ತು ಬೇ," ಎಂದಳು. "ಎಲ್ಲಾವೂ ಬೇಕಾಗಿದ್ದುವು."

ಇಷ್ಟು ವರ್ಷ ಜೊತೆಗೆ ತಿರುಗಿದ್ದರೂ ಆ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಆಕೆ ಹೇಳಿರಲಿಲ್ಲ ನಿಜ. ನಾವು ಯಾರು ಕೇಳಿದ್ದೆವು?

ಅಕ್ಕ ಓಡ್ನಿಯ ತುದಿಯಿಂದ ಮುಖ ಒರೆಸಿಕೊಂಡು, ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ಮುಂದಿನದನ್ನು ಹದವಾಗಿ ಸುಟ್ಟು ನನಗೆ ಕೊಟ್ಟಳು.

"ಸೋಮವಾರ ಕುಂದಗೋಳಕ್ಕ ಹೋಗೂದೈತಿ," ಎಂದಳು, ಹಿಟ್ಟು ನಾದುತ್ತ. "ಅಲ್ಲೊಂದು ಸಾಲ್ಯಾಗ ಕರದಾರ. ನಿನಗ ಸೂಟಿ ಸಿಗತೈತೇನು?"

"ಸಿಗತೈತಿ," ಎಂದೆ. ಪ್ರಿನ್ಸಿಪಾಲರ ಹತ್ತಿರ ರಜೆ ಇನ್ನೂ ಕೇಳಿರಲಿಲ್ಲ.